ಕಾಶಿಯಿಂದ ಬಾರದ ಕಣಗಿಲೆ

"ಕಾಶಿ ಕಣಗಿಲೆ ಸಸಿ ಇದೆಯೇನಪ್ಪಾ?" ಎಂದರು ಹಿರಿಯ ಹೆಂಗಸೊಬ್ಬರು. "ಇಲ್ಲಮ್ಮ, ವಿಂಕಾ ಇದೆ" ಎಂದ ನರ್ಸರಿಯ ಹುಡುಗ. ಅವನ ಬೆನ್ನ ಹಿಂದೆಯೇ ಬಿಳಿ, ಗುಲಾಬಿ ಬಣ್ಣದ ಕಾಶಿ ಕಣಗಿಲೆ ಸಾಲಾಗಿ ಅರಳಿತ್ತು. ನಾನು ತೋರಿಸಿದ ಮೇಲೆ ಅಮ್ಮ ಎರಡು ಸಸಿ ಒಯ್ದರು. ವಾರ ಕಳೆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ವಿಂಕಾ ಎಂಬುದು ಈ ಗಿಡಕ್ಕೆ ಸಸ್ಯಶಾಸ್ತ್ರಜ್ಞ ಲಿನೇಯಸ್ 1759ರಲ್ಲಿ ಕೊಟ್ಟ ಹೆಸರು. ಗಿಡ ಕ್ಯಾಥರಾಂಥಸ್ ಕುಲಕ್ಕೆ ಸೇರಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲವೇ ಕಳೆದಿದೆ. ಶಾಸ್ತ್ರಜ್ಞರೇ ಕಳಚಿಟ್ಟ ಹೆಸರನ್ನು ಫಲಕಕ್ಕೆ ಬರೆದು, ಅಂಗಳದ ಹೆಸರನ್ನು ಮರೆಸುವುದನ್ನು ನಾನು ಸಹಿಸಲಾರೆ.

ಆದರೆ ಕಾಶಿ ಏಕೆ? ಗಿಡದ ತವರು ಮಡಗಾಸ್ಕರ್. ಹೀಗೆ ದಾರಿ ತಪ್ಪಿಸುವ ಹೆಸರುಗಳು ಇನ್ನೂ ಇವೆ. ಮೆಕ್ಸಿಕೋ ಕಡೆಯ ತರಕಾರಿ ನಮಗೆ ಸೀಮೆಬದನೆ. ಅದೇ ತಮಿಳರ ಬಾಯಲ್ಲಿ ಬೆಂಗಳೂರು ಕತ್ತರಿಕಾಯಿ. ಪಪ್ಪಾಯಿ ಪರಂಗಿಯವರ ಹಣ್ಣಾಯಿತು. ಊರ ಹೆಸರು ಹುಟ್ಟಿದ ನೆಲವನ್ನಲ್ಲ, ಬಂದ ದಿಕ್ಕನ್ನೋ ಬರಿಯ ದೂರವನ್ನೋ ಹೇಳುತ್ತದೆ. ನಮ್ಮ ಬೂದುಗುಂಬಳದ ಹಲ್ವವೂ ಕಾಶಿಯದೇ ಅಲ್ಲವೇ?

ಇಷ್ಟು ಬರೆದು ಅಂಗಳಕ್ಕೆ ಹೋದೆ. ಕಾಂಪೌಂಡಿನ ಬಿರುಕಿನಲ್ಲಿ ತಾನಾಗಿ ಎದ್ದ ಗಿಡ, ಏಪ್ರಿಲ್ ಬಿಸಿಲಲ್ಲೂ ಹೂ ಬಿಟ್ಟಿದೆ. ಕುಂಡದಲ್ಲಿ ದಿನಾ ನೀರುಂಡದ್ದು ಬುಡ ಕೊಳೆತು ಹೋಗಿತ್ತು. ಇದಕ್ಕೆ ನೀರು ಬಸಿಯುವ ಮಣ್ಣು, ನೇರ ಬಿಸಿಲು ಸಾಕು; ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಬೀಜ ಮೊಳೆಯಲು ಕತ್ತಲು ಬೇಕು, ತೆಳುವಾಗಿ ಮಣ್ಣು ಮುಚ್ಚಬೇಕು. ಎಳೆಯದರಲ್ಲಿ ಕುಡಿ ಚಿವುಟಿದರೆ ಕವಲೊಡೆದು ತುಂಬ ಹೂ ಬಿಡುತ್ತದೆ.

ಅಲ್ಲಿ ಬಾಗಿ ಮೊಗ್ಗನ್ನು ನೋಡುವಾಗ ಹೊಳೆಯಿತು: ನಾನು ಕೇಳಬೇಕಿದ್ದದ್ದು ಕಾಶಿಯನ್ನಲ್ಲ, ಕಣಗಿಲೆಯನ್ನು. ಆಳೆತ್ತರದ ಕಣಗಿಲೆ ಪೊದೆಗೂ ಮೊಣಕಾಲೆತ್ತರದ ಈ ಗಿಡಕ್ಕೂ ನಂಟು ಕಂಡವರು ಯಾರು? ಎರಡರ ಮೊಗ್ಗೂ ಬತ್ತಿಯಂತೆ ಹೊಸೆದುಕೊಂಡಿರುತ್ತದೆ. ಎರಡಕ್ಕೂ ಐದೆಸಳು, ಜೋಡಿ ಕಾಯಿ. ಎರಡೂ ವಿಷ, ದನ ಮೂಸಿ ಬಿಡುತ್ತದೆ. (ಕಾಶಿ ಕಣಗಿಲೆಯ ವಿಷದಿಂದಲೇ ಬಂದ ಔಷಧ ವಿನ್‌ಕ್ರಿಸ್ಟಿನ್, ಅಮೆರಿಕದಲ್ಲಿ 1963ರಲ್ಲಿ ಅನುಮತಿ ಪಡೆದು, ರಕ್ತಕ್ಯಾನ್ಸರಿನ ಮಕ್ಕಳನ್ನು ಉಳಿಸುತ್ತಿದೆ. ಹಳೆಯ ವಿಂಕಾ ಆ ಹೆಸರಿನಲ್ಲಿ ಉಳಿದಿರುವುದಕ್ಕೆ ನನ್ನ ತಕರಾರಿಲ್ಲ.) ಸಸ್ಯಶಾಸ್ತ್ರವೂ ಎರಡನ್ನೂ ಇಟ್ಟಿರುವುದು ಅಪೋಸೈನೇಸಿ ಎಂಬ ಒಂದೇ ಕುಟುಂಬದಲ್ಲಿ.

ದೇವರಿಗೆ ಹೂ ಬಿಡಿಸುತ್ತಿದ್ದ ಯಾವ ಕೈಯೋ ಮೊಗ್ಗಿನ ಆ ಹೊಸೆತವನ್ನು ಗುರುತಿಸಿ ಈ ಹೆಸರಿಟ್ಟಿರಬೇಕು. ಮುಂದಿನ ವಾರ ನರ್ಸರಿಗೆ ಹೋಗಿ, ಕಣಗಿಲೆಯ ಮೊಗ್ಗೊಂದನ್ನು ಆ ಹುಡುಗನ ಕೈಗಿಡುತ್ತೇನೆ.