ಕಟ್ಟಿಸಿದವರು, ಕಾಪಾಡಿದವರು

ಹಳೆಯ ಕಟ್ಟಡವೊಂದು ಯಾರದು ಎಂದು ಕೇಳಿದರೆ ಇತಿಹಾಸ ಸಾಮಾನ್ಯವಾಗಿ ಕಟ್ಟಿಸಿದವರ ಹೆಸರು ಹೇಳುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ನೂರು ಮೀಟರಿಗೂ ಎತ್ತರದ ಬಂಡೆಯ ನೆತ್ತಿಯಲ್ಲಿರುವ ಆಕೋಮಾ ಊರಿನ ಸ್ಯಾನ್ ಎಸ್ಟೆಬಾನ್ ಡೆಲ್ ರೇ ಚರ್ಚಿನ ವಿಷಯದಲ್ಲೂ ಮೊದಲು ಕೇಳಿಬರುವುದು 1629ರಲ್ಲಿ ಅಲ್ಲಿಗೆ ಬಂದ ಸ್ಪ್ಯಾನಿಷ್ ಪಾದ್ರಿ ಹುವಾನ್ ರಾಮಿರೆಸ್‌ನ ಹೆಸರು. ಇದು ಅರ್ಧ ಉತ್ತರ ಮಾತ್ರ. ಚಾವಣಿಯ ತೊಲೆಗಳನ್ನು ಆಕೋಮಾದ ಜನ ಸುಮಾರು 50 ಕಿಲೋಮೀಟರ್ ದೂರದ ಟೇಲರ್ ಬೆಟ್ಟದಿಂದ ತಂದರು. ಗೋಡೆಗೆ ಬೇಕಾದ ಮಣ್ಣನ್ನೂ ಚರ್ಚಿನ ಮುಂದಿನ ಸ್ಮಶಾನಕ್ಕೆ ತುಂಬಿದ ಮಣ್ಣನ್ನೂ ಕೆಳಗಿನಿಂದ ಹೊತ್ತು ಮೇಲೇರಿಸಿದರು. ಹಸಿ ಇಟ್ಟಿಗೆಯ ಗೋಡೆಗೆ ಮಳೆಗಾಳಿಯೇ ಶತ್ರು. ಗಿಲಾವು ಕರಗಿದಾಗಲೆಲ್ಲ ಮತ್ತೆ ಮೆತ್ತದಿದ್ದರೆ ಅದು ಕೆಲವೇ ದಶಕಗಳಲ್ಲಿ ಮಣ್ಣಾಗುತ್ತದೆ. ಸುಮಾರು ನಾಲ್ಕು ಶತಮಾನ ಈ ಚರ್ಚು ಉಳಿದಿದೆಯೆಂದರೆ, ಪ್ರತಿ ತಲೆಮಾರೂ ಅದನ್ನು ಉಳಿಸಲು ಮನಸ್ಸು ಮಾಡಿದೆ ಎಂದರ್ಥ. ಆದ್ದರಿಂದ ಆ ಚರ್ಚಿನ ಮೇಲಿನ ಮೊದಲ ಹಕ್ಕು ಕಾಪಾಡಿದವರದೇ ಎಂಬುದು ನನ್ನ ವಾದ.

ದಬ್ಬಾಳಿಕೆಯ ಗುರುತನ್ನು ತಮ್ಮದೆನ್ನುವುದು ಹೇಗೆ ಎಂಬ ಆಕ್ಷೇಪ ಹಗುರವಾದುದಲ್ಲ. 1599ರಲ್ಲಿ ಸ್ಪ್ಯಾನಿಷ್ ಸೈನಿಕರು ಈ ಊರನ್ನು ಸುಟ್ಟು ನೂರಾರು ಜನರನ್ನು ಕೊಂದರು. ಬದುಕುಳಿದವರಲ್ಲಿ 25 ವರ್ಷ ದಾಟಿದ ಗಂಡಸರ ಒಂದು ಪಾದ ಕಡಿದು, 20 ವರ್ಷ ಜೀತಕ್ಕೆ ಹಚ್ಚುವಂತೆ ಗವರ್ನರ್ ಹುವಾನ್ ಡೆ ಓನ್ಯಾಟೆ ತೀರ್ಪಿತ್ತ. ಚರ್ಚಿನ ದುಡಿಮೆಯ ಹಿಂದೆ ಈ ಭಯದ ನೆರಳಿತ್ತು. ಆದರೆ 1680ರಲ್ಲಿ ಆಕೋಮಾದವರೂ ಸೇರಿದಂತೆ ಆ ಪ್ರದೇಶದ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ಒಟ್ಟಾಗಿ ಬಂಡೆದ್ದು ಸ್ಪ್ಯಾನಿಷರನ್ನು ಓಡಿಸಿದಾಗ ಹಲವೆಡೆ ಚರ್ಚುಗಳು ನಾಶವಾದವು, ಆಕೋಮಾದ್ದು ಉಳಿಯಿತು. ಕೆಡವಲು ತಡೆಯುವವರಿಲ್ಲದ ಹೊತ್ತಿನಲ್ಲೂ ಉಳಿಯಿತೆಂಬುದು ಮುಖ್ಯ. ಹಾಗೆಂದು ಉಳಿಸಿಕೊಂಡದ್ದನ್ನು ಕ್ಷಮೆಯೆಂದು ಓದಬಾರದು. ಹಿರಿಯರ ಬೆವರು, ರಕ್ತ, ಸಮಾಧಿಗಳು ಇರುವ ಜಾಗವನ್ನು ಶತ್ರುವಿನ ಹೆಸರಿಗೆ ಬಿಟ್ಟುಕೊಡಲು ಒಪ್ಪದಿರುವುದೂ ಒಂದು ಪ್ರತಿರೋಧವೇ.

ವಿನ್ಯಾಸವೂ ಧರ್ಮವೂ ಹೊರಗಿನಿಂದ ಬಂದವಲ್ಲವೇ ಎಂದು ಇನ್ನು ಕೆಲವರು ಕೇಳಬಹುದು. ಬಂದದ್ದು ನಿಜ, ಬಂದಮೇಲೆ ಅವು ಆ ನೆಲದವಾದದ್ದೂ ಅಷ್ಟೇ ನಿಜ. ಸೆಪ್ಟೆಂಬರ್ 2ರ ಹಬ್ಬದಂದು ಸಂತ ಎಸ್ಟೆಬಾನನ ಮೂರ್ತಿಯನ್ನು ಚರ್ಚಿನಿಂದ ಮೆರವಣಿಗೆಯಲ್ಲಿ ತಂದು ಊರಿನ ಬಯಲಲ್ಲಿ ಕೂರಿಸುತ್ತಾರೆ. ಅವನೆದುರು ಸುಗ್ಗಿಯ ಕುಣಿತ ನಡೆಯುತ್ತದೆ. ಸಂತ ಪರದೇಶದವನಾದರೂ ಹಬ್ಬ ಆಕೋಮಾದ್ದು. ಹೀಗಿರುವಾಗ ಪರಂಪರೆಯ ರಕ್ಷಣೆಗೆ ಬರುವ ತಜ್ಞರೂ ಸಂಸ್ಥೆಗಳೂ ಹಣ ಮತ್ತು ವಿದ್ಯೆ ತರಲಿ. ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ತೋರಿಸಬೇಕು, ಯಾವ ಕಥೆ ಹೇಳಬೇಕು ಎಂಬ ಕೊನೆಯ ಮಾತು ಮಾತ್ರ ಆಕೋಮಾದವರದೇ ಆಗಿರಬೇಕು.