ನಿಧಾನವೂ ನಿದಾನವೂ

ಕನ್ನಡದಲ್ಲಿ ನಿಧಾನವೆಂದರೆ ತಾಳ್ಮೆ, ಆತುರಪಡದಿರುವುದು. ಸಂಸ್ಕೃತದ ನಿದಾನವೆಂದರೆ ಮೂಲಕಾರಣ. ರೋಗದ ಕಾರಣವನ್ನು ನಿರ್ಣಯಿಸುವ ವೈದ್ಯಶಾಸ್ತ್ರದ ಭಾಗಕ್ಕೂ ಅದೇ ಹೆಸರು. ಒಂದರಲ್ಲಿ ಮಹಾಪ್ರಾಣ, ಇನ್ನೊಂದರಲ್ಲಿ ಅಲ್ಪಪ್ರಾಣ. ಹುಡುಗರ ಕಾಪಿಪುಸ್ತಕಗಳಲ್ಲಿ ಈ ಎರಡು ಪದಗಳನ್ನು ಎಷ್ಟು ಸಾರಿ ಕೆಂಪು ಮಸಿಯಿಂದ ತಿದ್ದಿದೆನೋ ಲೆಕ್ಕವಿಲ್ಲ. ಹಾಗಿದ್ದೂ ಕಳೆದ ಮಳೆಗಾಲದ ಒಂದು ರಾತ್ರಿ, ಮೊದಲನೆಯದನ್ನು ಕೈಬಿಟ್ಟುದರಿಂದ ಎರಡನೆಯದನ್ನೂ ತಪ್ಪಿದೆನು. ಮನೆಯ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಕೆಟ್ಟುಹೋದರೆ ಏನು ಮಾಡತಕ್ಕುದೆಂದು ಕೆಲವರು ವಾಚಕರು ಕೇಳಿದ್ದಾರೆ. ನನ್ನ ತಪ್ಪನ್ನು ಮೊದಲು ಹೇಳಿ, ಅನಂತರ ಉತ್ತರವನ್ನು ಹೇಳುವುದು ನ್ಯಾಯವೆಂದು ತೋರುತ್ತದೆ.

ನಮ್ಮ ಅಣ್ಣನವರ ಮೊಮ್ಮಗನು ಓದಿಗಾಗಿ ಎರಡು ವರ್ಷದಿಂದ ನಮ್ಮಲ್ಲಿಯೇ ಇದ್ದಾನೆ. ಈಗ ಎಂಟನೆಯ ತರಗತಿ. ಪಾಠಕ್ಕೆ ಬೇಕಾದುದನ್ನು ಅವನು ನನ್ನ ಕಂಪ್ಯೂಟರಿನಲ್ಲಿಯೇ ನೋಡಿಕೊಳ್ಳುವನು. ಅದೇ ಯಂತ್ರದಲ್ಲಿ, ನಮ್ಮ ತಂದೆಯವರು ಅಮರಕೋಶವನ್ನು ಪಾಠ ಹೇಳುತ್ತ ಬರೆದಿಟ್ಟಿದ್ದ ಏಳು ಪುಸ್ತಕಗಳ ಟಿಪ್ಪಣಿಗಳಿವೆ. ಮೂಲಪುಸ್ತಕಗಳಲ್ಲಿ ಎರಡನ್ನು ಗೆದ್ದಲು ತಿಂದಿತು. ಅದಕ್ಕೆ ಮೊದಲೇ ನಾನು ತೆಗೆದಿಟ್ಟಿದ್ದ ಪುಟಗಳ ಚಿತ್ರಗಳೂ, ನಾಲ್ಕು ವರ್ಷ ಕುಳಿತು ಬೆರಳಚ್ಚು ಮಾಡಿದ ಬರಹವೂ ಆ ಒಂದು ಡಿಸ್ಕಿನಲ್ಲಿಯೇ ಇದ್ದವು. ಬೇರೆಡೆಯಲ್ಲಿ ಒಂದು ಪ್ರತಿಯೂ ಇರಲಿಲ್ಲ.

ಆ ರಾತ್ರಿ ವಿಂಡೋಸ್ ವ್ಯವಸ್ಥೆಯ ದೊಡ್ಡ ಅಪ್‌ಡೇಟ್ ಒಂದು ನಡೆಯುತ್ತಿತ್ತು. ಯಂತ್ರವು ಎರಡು ಸಾರಿ ತಾನಾಗಿ ಆರಿ ಹೊತ್ತಿಕೊಂಡಿತು. ಆಮೇಲೆ, ಅಪ್‌ಡೇಟ್ ಪೂರ್ಣವಾಗಲಿಲ್ಲ, ಬದಲಾವಣೆಗಳನ್ನು ಹಿಂದೆಗೆಯಲಾಗುತ್ತಿದೆ, ಕಂಪ್ಯೂಟರನ್ನು ಆರಿಸಬೇಡಿ ಎಂಬ ಅರ್ಥದ ಇಂಗ್ಲಿಷ್ ಬರಹವು ತೆರೆಯ ಮೇಲೆ ನಿಂತಿತು. ಮುಕ್ಕಾಲು ಗಂಟೆ ಕಳೆದರೂ ಅದೇ ಬರಹ, ಅದೇ ಸುತ್ತುವ ಚುಕ್ಕೆಗಳು. ನಾನು ಸಹನೆ ಕಳೆದುಕೊಂಡು ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟೆನು. ಮತ್ತೆ ಹಾಕಿದಾಗ ಯಂತ್ರವು ಏಳಲಿಲ್ಲ.

ಹಿಂದಿನ ದಿನ ಹುಡುಗನು ಅದರ ಮುಂದೆ ಕುಳಿತಿದ್ದುದು ನನಗೆ ನೆನಪಾಯಿತು. ಯಾವುದೋ ಆಟದ ವಿಷಯವನ್ನು ಸ್ನೇಹಿತನಿಗೆ ಹೇಳುತ್ತಿದ್ದುದೂ ನೆನಪಾಯಿತು. ಅವನನ್ನು ಕರೆದು, “ಆಟ ತುಂಬಿ ಯಂತ್ರ ಕೆಡಿಸಿದೆಯಾ? ನಮ್ಮಪ್ಪನವರ ಕೆಲಸವೆಲ್ಲ ಹೋಯಿತಲ್ಲೋ!” ಎಂದು ಕೂಗಾಡಿದೆನು. ಅವನು ತಲೆ ತಗ್ಗಿಸಿ ನಿಂತಿದ್ದು, ಊಟಕ್ಕೂ ಬಾರದೆ ಹೋಗಿ ಮಲಗಿದನು. “ಹುಡುಗನನ್ನು ಒಂದು ಮಾತು ಕೇಳಬಾರದಾಗಿತ್ತೆ?” ಎಂದು ನಮ್ಮ ಮನೆಯವರು ಅಂದರು. ನಾನು ಉತ್ತರ ಕೊಡಲಿಲ್ಲ.

ಕಾಕತಾಲೀಯ ನ್ಯಾಯವೆಂದು ನಮ್ಮ ಶಾಸ್ತ್ರಗಳಲ್ಲಿ ಒಂದು ಮಾತುಂಟು. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತುದಕ್ಕೂ ಹಣ್ಣು ಕೆಳಗೆ ಬಿದ್ದುದಕ್ಕೂ ಹೊತ್ತು ಒಂದೇ ಆಯಿತು. ಅಷ್ಟರಿಂದ ಕಾಗೆಯೇ ಹಣ್ಣನ್ನು ಬೀಳಿಸಿತೆಂದು ಹೇಳಲಾಗದು. ಕಂಪ್ಯೂಟರ್ ಕೆಟ್ಟ ಮನೆಗಳಲ್ಲೆಲ್ಲ ಒಂದು ಕಾಗೆಯನ್ನು ಹುಡುಕುತ್ತಾರೆ. ಕಡೆಯಲ್ಲಿ ಯಂತ್ರವನ್ನು ಮುಟ್ಟಿದವರೇ ಆ ಕಾಗೆ.

ಇನ್ನು ಅಪ್‌ಡೇಟ್ ಎಂಬುದು ನಡೆಯುವ ಬಗೆಯನ್ನು ನೋಡೋಣ. ೨೦೦೩ರಿಂದ ಮೈಕ್ರೋಸಾಫ್ಟ್ ಸಂಸ್ಥೆಯವರು ತಿಂಗಳ ಎರಡನೆಯ ಮಂಗಳವಾರ ತಿದ್ದುಪಡಿಗಳನ್ನು ಹೊರಡಿಸುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ನಮ್ಮ ಗಡಿಯಾರಕ್ಕೆ ಅದು ಮಂಗಳವಾರದ ರಾತ್ರಿ. ಯಂತ್ರವು ಆ ಕಡತಗಳನ್ನು ತರಿಸಿ, ಅವು ಸಾಚಾ ಹೌದೇ ಅಲ್ಲವೇ ಎಂದು ಪರೀಕ್ಷಿಸಿ, ಡಿಸ್ಕಿನಲ್ಲಿ ಒಂದೆಡೆ ಬಿಚ್ಚಿಟ್ಟುಕೊಂಡು, ಆಮೇಲೆ ತನ್ನನ್ನು ಆರಿಸಿ ಹೊತ್ತಿಸಿಕೊಂಡು ಹಳೆಯದರ ಸ್ಥಾನದಲ್ಲಿ ಹೊಸದನ್ನಿಡುತ್ತದೆ. ನಡುವೆ ಯಾವುದೊಂದು ಹೆಜ್ಜೆ ತಪ್ಪಿದರೂ ಮೊದಲಿದ್ದಂತೆಯೇ ಎಲ್ಲವನ್ನೂ ಹಿಂದಕ್ಕೆ ಇಡಲು ತೊಡಗುತ್ತದೆ. ಹೀಗೆ ಹಿಂದೆಗೆಯುವುದು ಯಂತ್ರದ ಆತ್ಮರಕ್ಷಣೆಯೇ ಹೊರತು ಅದರ ಮರಣವಲ್ಲ. ಹಳೆಯ ಡಿಸ್ಕಾದರೆ ಇದಕ್ಕೆ ಗಂಟೆಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ವಿದ್ಯುತ್ತನ್ನು ಕಡಿಯುವುದು, ಹೊಲಿಗೆ ಹಾಕುತ್ತಿರುವ ವೈದ್ಯನ ಕೈಯನ್ನು ಹಿಡಿದೆಳೆದಂತೆ. ಆದುದರಿಂದ ಮೊದಲನೆಯ ಚಿಕಿತ್ಸೆ ಕಾಯುವುದು. ಲ್ಯಾಪ್‌ಟಾಪಿಗೆ ಚಾರ್ಜರು ಸೇರಿರಲಿ. ಮೇಜಿನ ಯಂತ್ರಕ್ಕೆ ಯುಪಿಎಸ್ ಇರಲಿ. ಡಿಸ್ಕಿನ ದೀಪವು ಮಿನುಗುತ್ತಿರುವವರೆಗೂ ಕೆಲಸ ಸಾಗುತ್ತಿದೆ ಎಂದೇ ತಿಳಿಯತಕ್ಕುದು.

ಎರಡನೆಯದು, ರೋಗದ ಲಕ್ಷಣವನ್ನು ಬರೆದಿಟ್ಟುಕೊಳ್ಳುವುದು. ಯಂತ್ರವು ಎದ್ದ ಮೇಲೆ ಸೆಟ್ಟಿಂಗ್ಸಿನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ಎಂಬಲ್ಲಿ ನೋಡಿದರೆ ಸೋತ ಅಪ್‌ಡೇಟಿನ ಹೆಸರೂ ಒಂದು ಸಂಖ್ಯೆಯೂ ಸಿಕ್ಕುತ್ತವೆ. ಸಂಖ್ಯೆಯ ಹಿಂದೆ ಸೊನ್ನೆ ಮತ್ತು ಎಕ್ಸ್ ಎಂಬ ಗುರುತಿದ್ದರೆ ಅದು ಹದಿನಾರರ ಲೆಕ್ಕದಲ್ಲಿ ಬರೆದುದೆಂದು ಅರ್ಥ. ಉದಾಹರಣೆಗೆ ೮೦೦೭೦೦೭೦ ಎಂಬುದರಲ್ಲಿ ಕೊನೆಯ ೭೦ನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ ಏಳು ಹದಿನಾರಲೆ ೧೧೨. ವಿಂಡೋಸಿನ ದೋಷಪಟ್ಟಿಯಲ್ಲಿ ೧೧೨ ಎಂದರೆ ಡಿಸ್ಕಿನಲ್ಲಿ ಸ್ಥಳವಿಲ್ಲ ಎಂದು.

ಆದರೆ ಲಕ್ಷಣವೇ ಕಾರಣವಲ್ಲ. ೨೦೨೪ರ ಜನವರಿ ೯ರಂದು ವಿಂಡೋಸ್ ೧೦ಕ್ಕೆ ಒಂದು ಭದ್ರತೆಯ ತಿದ್ದುಪಡಿ ಹೊರಟಿತು. ಅದು ಡಿಸ್ಕಿನಲ್ಲಿ ಆಪತ್ಕಾಲಕ್ಕಾಗಿ ಬೇರೆ ಮಾಡಿಟ್ಟಿರುವ ಸಣ್ಣ ಭಾಗಕ್ಕೆ ಸಂಬಂಧಿಸಿದುದು. ಅಲ್ಲಿ ೨೫೦ ಮೆಗಾಬೈಟ್ ತೆರವು ಬೇಕಾಗಿತ್ತು. ಅಷ್ಟು ತೆರವಿಲ್ಲದ ಯಂತ್ರಗಳಲ್ಲಿ ತಿದ್ದುಪಡಿ ಸೋತಿತು. ಯಂತ್ರವು ಸ್ಥಳ ಸಾಲದೆಂದು ಹೇಳಬೇಕಾಗಿದ್ದುದನ್ನು ಬಿಟ್ಟು ೮೦೦೭೦೬೪೩ ಎಂದು ತೋರಿಸಿತು. ಅದರ ಅರ್ಥ ಸ್ಥಾಪನೆ ಕೆಟ್ಟಿತೆಂದು ಮಾತ್ರ. ಮುಖ್ಯ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದವರೂ ತಮ್ಮಿಂದ ಏನೋ ತಪ್ಪಾಯಿತೆಂದು ಮತ್ತೆ ಮತ್ತೆ ಪ್ರಯತ್ನಿಸಿದರು. ತಪ್ಪು ಅವರದಾಗಿರಲಿಲ್ಲ, ತೋರಿದ ಸಂಖ್ಯೆಯೇ ಸರಿಯಾದುದಲ್ಲವೆಂದು ಸಂಸ್ಥೆಯವರು ಒಪ್ಪಿಕೊಂಡರು.

ಮೂರನೆಯದು ಚಿಕಿತ್ಸೆ. ರೋಗವು ಸ್ಪಷ್ಟವಾಗದಿದ್ದರೆ ಒಂದು ಔಷಧವನ್ನು ಕೊಟ್ಟು ಗುಣವನ್ನು ನೋಡಿ ಕಾರಣವನ್ನು ಊಹಿಸುವುದಕ್ಕೆ ಆಯುರ್ವೇದದಲ್ಲಿ ಉಪಶಯವೆಂದು ಹೆಸರು. ಇಲ್ಲಿಯೂ ಅದೇ ಕ್ರಮ. ಒಂದು ಸಲಕ್ಕೆ ಒಂದೇ ಉಪಾಯವನ್ನು ಮಾಡಬೇಕು. ಹತ್ತನ್ನು ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ. ಸುಲಭವಾದುದು ಮೊದಲು, ಕಠಿನವಾದುದು ಕೊನೆಗೆ.

ಮೊದಲು ಯಂತ್ರವನ್ನು ಕ್ರಮವಾಗಿ ಒಮ್ಮೆ ರಿಸ್ಟಾರ್ಟ್ ಮಾಡಿ ನೋಡಿರಿ. ಪೆನ್‌ಡ್ರೈವ್, ಪ್ರಿಂಟರ್ ಮೊದಲಾದುವನ್ನು ಕಳಚಿರಿ. ದಿನಾಂಕ ಮತ್ತು ಗಡಿಯಾರ ಸರಿಯಾಗಿವೆಯೆ ನೋಡಿರಿ; ಒಳಗಿನ ಸಣ್ಣ ಬ್ಯಾಟರಿ ಮುಗಿದ ಹಳೆಯ ಯಂತ್ರಗಳಲ್ಲಿ ವರ್ಷವೇ ಹಿಂದಕ್ಕೆ ಹೋಗಿ, ಬಂದ ಕಡತವನ್ನು ಯಂತ್ರವು ನಂಬದೆ ಹೋಗುವುದುಂಟು. ಡಿಸ್ಕಿನಲ್ಲಿ ತೆರವೆಷ್ಟಿದೆ ನೋಡಿರಿ. ದೊಡ್ಡ ಅಪ್‌ಡೇಟಿಗೆ ಸುಮಾರು ೨೦ ಗಿಗಾಬೈಟ್ ಖಾಲಿ ಇರುವಂತೆ ನೋಡಿಕೊಂಡರೆ ಚಿಂತೆಯಿಲ್ಲ.

ಇಷ್ಟರಿಂದ ಗುಣವಾಗದಿದ್ದರೆ ಸೆಟ್ಟಿಂಗ್ಸಿನಲ್ಲಿರುವ ವಿಂಡೋಸ್ ಅಪ್‌ಡೇಟ್ ಟ್ರಬಲ್‌ಶೂಟರನ್ನು ನಡೆಸಿರಿ. ಅದೂ ಸೋತರೆ, ತರಿಸಿದ ಕಡತವೇ ಹಾಳಾಗಿರಬಹುದು. ಸರ್ವಿಸಸ್ ಎಂಬ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನಲ್ಲಿರುವ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬುದರ ಒಳಗಿನ ಡೌನ್‌ಲೋಡ್ ಫೋಲ್ಡರನ್ನು ಬರಿದು ಮಾಡಿ, ನಿಲ್ಲಿಸಿದುದನ್ನು ಮತ್ತೆ ನಡೆಸಿದರೆ ಯಂತ್ರವು ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತದೆ.

ಆಮೇಲಿನದು ವ್ಯವಸ್ಥೆಯ ಕಡತಗಳ ದುರಸ್ತಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದು ಡಿಐಎಸ್‌ಎಂ, ಆನ್‌ಲೈನ್, ಕ್ಲೀನಪ್-ಇಮೇಜ್, ರಿಸ್ಟೋರ್‌ಹೆಲ್ತ್ ಎಂಬ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಎರಡನೆಯದರಿಂದ ಮುಂದಕ್ಕೆ ಪ್ರತಿಯೊಂದರ ಹಿಂದೆಯೂ ತೆರಪು ಬಿಟ್ಟು, ಬಲಕ್ಕೆ ಒರಗಿದ ಗೆರೆಯೊಂದನ್ನು ಹಾಕಬೇಕು. ಇದಕ್ಕೆ ಅಂತರಜಾಲದ ಸಂಪರ್ಕವಿರಲಿ. ಇದು ಮುಗಿದ ಮೇಲೆ ಎಸ್‌ಎಫ್‌ಸಿ ಎಂದು ಬರೆದು, ತೆರಪು ಬಿಟ್ಟು, ಅದೇ ಗೆರೆಯನ್ನು ಹಾಕಿ ಸ್ಕ್ಯಾನ್‌ನೌ ಎಂದು ಬರೆಯತಕ್ಕುದು. ನಡುವೆ ಶೇಕಡಾ ಅಂಕಿ ಬಹಳ ಹೊತ್ತು ಅಲುಗದೆ ನಿಲ್ಲುವುದುಂಟು. ಅಲ್ಲಿಯೂ ನಿಧಾನವೇ ಮದ್ದು.

ಯಂತ್ರವು ಏಳದೆಯೇ ಹೋದರೆ? ಕೆಲವು ಸಾರಿ ಏಳಲು ಯತ್ನಿಸಿ ಸೋತ ಮೇಲೆ ವಿಂಡೋಸ್ ತಾನೇ ಒಂದು ನೀಲಿಯ ತೆರೆಯನ್ನು ತೋರಿಸುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ಅಲ್ಲಿ ಸ್ಟಾರ್ಟಪ್ ರಿಪೇರ್ ಎಂಬುದನ್ನು ಮೊದಲು ಪ್ರಯತ್ನಿಸಿ, ಅದು ಫಲಿಸದಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂಬುದನ್ನು ಒತ್ತಿ ಕಡೆಯಲ್ಲಿ ಬಂದ ಅಪ್‌ಡೇಟನ್ನು ತೆಗೆಯಬಹುದು. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕು ಬಿಟ್‌ಲಾಕರ್ ಎಂಬ ಬೀಗದಲ್ಲಿರುವುದರಿಂದ ೪೮ ಅಂಕಿಗಳ ಕೀಲಿಯನ್ನು ಕೇಳೀತು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರವು ಆರೋಗ್ಯವಾಗಿರುವಾಗಲೇ ಕಾಗದದ ಮೇಲೆ ಬರೆದು, ಆಸ್ತಿಪತ್ರಗಳ ಜೊತೆಯಲ್ಲಿಡಿರಿ. ರೀಸೆಟ್ ದಿಸ್ ಪಿಸಿ ಎಂಬುದು ಕಟ್ಟಕಡೆಯ ಉಪಾಯ. ಅದರಲ್ಲಿ ರಿಮೂವ್ ಎವರಿಥಿಂಗ್ ಎಂಬುದನ್ನು ಒತ್ತಿದರೆ ನಿಮ್ಮ ಬರಹಗಳೂ ಚಿತ್ರಗಳೂ ಅಳಿಸಿಹೋಗುವುವು.

ಆ ರಾತ್ರಿ ಒಂದು ಗಂಟೆಯ ಸುಮಾರಿಗೆ ನಾನೊಬ್ಬನೇ ಕುಳಿತು, ಆ ನೀಲಿಯ ತೆರೆಯನ್ನು ವ್ಯಾಕರಣದ ಪಾಠವನ್ನೋದುವಂತೆ ಒಂದೊಂದೇ ಸಾಲಾಗಿ ಓದಿದೆನು. ರಿಪೇರ್ ಫಲಿಸಲಿಲ್ಲ. ದೊಡ್ಡ ಅಪ್‌ಡೇಟನ್ನು ತೆಗೆಯಲು ಹೇಳಿ, ಈ ಸಾರಿ ಸ್ವಿಚ್ಚಿನ ಕಡೆಗೆ ನೋಡದೆ ಕಾದೆನು. ಮೂರು ಗಂಟೆಗೆ ಯಂತ್ರವು ಎದ್ದಿತು. ತಂದೆಯವರ ಏಳು ಪುಸ್ತಕಗಳೂ ಇದ್ದುವು. ಅಪ್‌ಡೇಟ್ ಹಿಸ್ಟರಿಯಲ್ಲಿ ಮೇಲೆ ಹೇಳಿದ ೮೦೦೭೦೦೭೦ ಎಂಬ ಸಂಖ್ಯೆ ಇತ್ತು. ನನ್ನದು ೧೨೮ ಗಿಗಾಬೈಟಿನ ಸಣ್ಣ ಡಿಸ್ಕು. ಅದನ್ನು ತುಂಬಿದ್ದವನು ಯಾರೆಂದು ಹುಡುಕಿದರೆ, ಒಂದೊಂದು ಪುಟದ ಚಿತ್ರವನ್ನೂ ಮೂರು ಮೂರು ಫೋಲ್ಡರುಗಳಲ್ಲಿ ಇಟ್ಟಿದ್ದವನು ನಾನೇ! ಮೂರು ಪ್ರತಿಗಳೂ ಒಂದೇ ಡಿಸ್ಕಿನಲ್ಲಿ. ಕಾಪಾಡಲು ಸಾಲದು, ಜಾಗ ತುಂಬಲು ಸಾಕು. ಹುಡುಗನ ಆಟದ ಸುಳಿವೇ ಅಲ್ಲಿರಲಿಲ್ಲ.

ಪ್ರತಿಯ ವಿಷಯದಲ್ಲಿ ಇನ್ನೊಂದು ಮಾತು. ೨೦೧೮ರ ಅಕ್ಟೋಬರ್ ೨ರಂದು ಹೊರಟ ವಿಂಡೋಸ್ ೧೦ರ ದೊಡ್ಡ ಅಪ್‌ಡೇಟು ಕೆಲವರ ದಾಖಲೆಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿತು. ಅದೇ ವಾರದಲ್ಲಿ ಸಂಸ್ಥೆಯವರು ಅದನ್ನು ತಡೆದು, ತಿದ್ದಿ, ನವೆಂಬರ್ ೧೩ರಂದು ಪುನಃ ಹೊರಡಿಸಿದರು. ಅಂತಹವರು ಕೆಲವರೇ ಇರಬಹುದು. ಆದರೆ ಪ್ರತಿಯಿಲ್ಲದವನಿಗೆ ತನ್ನ ನಷ್ಟವೇ ಪೂರ್ಣ ನಷ್ಟ. ಆದುದರಿಂದ ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕದೆ, ಪಾಸ್ ಎಂಬುದನ್ನೊತ್ತಿ ಒಂದು ವಾರ ತಡೆಯುವುದು ತಪ್ಪಲ್ಲ. ಬೇಡವೇ ಬೇಡವೆಂದು ಬಿಡುವುದು ಮಾತ್ರ ಕೂಡದು; ಭದ್ರತೆಯ ತಿದ್ದುಪಡಿಯಿಲ್ಲದ ಯಂತ್ರವು ಚಿಲಕವಿಲ್ಲದ ಬಾಗಿಲು. ತಡೆದ ವಾರದಲ್ಲಿ ಬೆಲೆಯುಳ್ಳ ಕಡತಗಳನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಆ ಡಿಸ್ಕನ್ನು ಕಳಚಿ ಕಪಾಟಿನಲ್ಲಿಡಿರಿ.

ವಿಂಡೋಸ್ ೧೦ನ್ನು ಇಟ್ಟುಕೊಂಡಿರುವವರಿಗೆ ಒಂದು ಸೂಚನೆ. ೨೦೨೫ರ ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಬೆಂಬಲವು ಮುಗಿಯಿತು. ಆಮೇಲೆ, ಹೆಸರು ನೋಂದಾಯಿಸಿದ ಯಂತ್ರಗಳಿಗೆ ಹೊರತು, ತಿಂಗಳ ತಿದ್ದುಪಡಿ ಬಾರದಿದ್ದರೆ ಅದು ರೋಗವಲ್ಲ. ಹಾಗೆಯೇ ವಿಂಡೋಸ್ ೧೧ಕ್ಕೆ ೪ ಗಿಗಾಬೈಟ್ ರ‍್ಯಾಮ್, ೬೪ ಗಿಗಾಬೈಟ್ ಡಿಸ್ಕು, ಟಿಪಿಎಂ ೨.೦ ಎಂಬ ಭದ್ರತೆಯ ಅಂಗ, ಪಟ್ಟಿಯಲ್ಲಿರುವ ಪ್ರೊಸೆಸರ್ ಇವೆಲ್ಲ ಬೇಕು. ಅವು ಇಲ್ಲದ ಹಳೆಯ ಯಂತ್ರವು ಅದನ್ನು ಒಲ್ಲದಿದ್ದರೆ ಯಾರನ್ನೂ ದೂರಬೇಕಾಗಿಲ್ಲ.

ಬೆಳಗಾಯಿತು. ಹುಡುಗನು ಎದ್ದು ಹೊರಗೆ ಬಂದಾಗ ಎದುರಿಗೆ ಕೂಡಿಸಿಕೊಂಡು, “ತಪ್ಪು ನನ್ನದು ಮಗು. ಜಾಗ ತುಂಬಿದವನೂ ನಾನೇ, ಸ್ವಿಚ್ ಆರಿಸಿದವನೂ ನಾನೇ” ಎಂದೆನು.

“ಆಟ ಹಾಕಿದ್ದು ಅಪ್ಪನ ಹಳೇ ಮೊಬೈಲಿನಲ್ಲಿ, ಚಿಕ್ಕತಾತ. ಕಂಪ್ಯೂಟರಿನಲ್ಲಿ ಅಲ್ಲ.”

“ಆಗಲೇ ಏಕೆ ಹೇಳಲಿಲ್ಲ?”

“ನೀವು ತುಂಬ ಕೋಪದಲ್ಲಿದ್ದಿರಿ.”

ಹೆಚ್ಚಾಗಿ ಏನನ್ನೂ ಅನ್ನಲಿಲ್ಲ. ಆ ದಿನ ಸಂಜೆ ಇಬ್ಬರೂ ಕುಳಿತು, ಮೂರರಲ್ಲಿ ಎರಡೆರಡು ಪ್ರತಿಗಳನ್ನು ಅಳಿಸಿ, ಉಳಿದುದನ್ನು ಹೊರಗಿನ ಡಿಸ್ಕಿಗೆ ಏರಿಸಿದೆವು. ಮರುವಾರ ಅಪ್‌ಡೇಟು ತಾನಾಗಿ ಸರಾಗವಾಗಿ ನಡೆಯಿತು. ಈಗ ತಿಂಗಳಿಗೊಮ್ಮೆ ಪ್ರತಿ ಮಾಡುವ ಕೆಲಸ ಅವನದು. ಡಿಸ್ಕಿನ ಮೇಲೆ ದಿನಾಂಕದ ಚೀಟಿಯನ್ನು ಅಂಟಿಸುವುದು ನನ್ನದು.

ವಾಚಕರ ಮನೆಯಲ್ಲಿ ಯಂತ್ರವು ಸೋತ ದಿನ, ತೆರೆಯ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುವುದಕ್ಕೆ ಮೊದಲು ಯಾರ ಹೆಸರನ್ನೂ ಎತ್ತದಿರಲಿ ಎಂದು ನನ್ನ ಬಿನ್ನಹ. ಡಿಸ್ಕಿನಲ್ಲಿರುವುದಕ್ಕೆ ಪ್ರತಿ ಮಾಡಿಟ್ಟುಕೊಳ್ಳಬಹುದು. ಮಗುವಿಗೆ ಆಡಿದ ಮಾತನ್ನು ಹಿಂದೆಗೆಯುವ ಗುಂಡಿ ಯಾವ ತೆರೆಯ ಮೇಲೂ ಇಲ್ಲ.