ರಕ್ತ ಕ್ಯಾನ್ಸರ್ ಇದ್ದವರಿಗೆ ಲಸಿಕೆಯ ಭಯ ಹುಟ್ಟಿಸಬೇಡಿ

ಹಾಸನ ಜಿಲ್ಲೆಯ ಹೆಸರು 2025ರ ಜೂನ್ ತಿಂಗಳಲ್ಲಿ ದೇಶದ ಎಲ್ಲ ಟಿವಿಗಳಲ್ಲೂ ಓಡಿತು. ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಗಾಬರಿಗೊಂಡ ಜನ ತಪಾಸಣೆಗೆಂದು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಇದಕ್ಕೆಲ್ಲ ಕಾರಣವೇನೆಂದು ಕೇಳಿದರೆ ಟೀ ಅಂಗಡಿಯಿಂದ ಮದುವೆ ಮಂಟಪದವರೆಗೆ ಒಂದೇ ಉತ್ತರ: "ಕೊರೊನಾಗೆ ಹಾಕಿದ್ರಲ್ಲ, ಆ ಇಂಜೆಕ್ಷನ್."

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಆ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂದು ಬರೆದ ಮೇಲಂತೂ ಅನುಮಾನಕ್ಕೆ ರೆಕ್ಕೆ ಬಂತು. ನಂತರ ಏನಾಯಿತೆಂಬುದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ, ಹಠಾತ್ ಹೃದಯಾಘಾತಗಳಿಗೂ ಕೋವಿಡ್ ಲಸಿಕೆಗೂ ಸಂಬಂಧ ಕಾಣಲಿಲ್ಲವೆಂದು ವರದಿ ಕೊಟ್ಟಿತು. ಹಾಸನದ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ನಾಲ್ಕು ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು, ಕುಡಿತ ಹೀಗೆ ನಮಗೆಲ್ಲ ಪರಿಚಿತವಾದ ಕಾರಣಗಳೇ ಎದ್ದು ಕಂಡವು. ಅದಕ್ಕೂ ಮೊದಲು ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತ್ತು.

ವರದಿ ಬಂದು ಹೋಯಿತು, ವದಂತಿ ಉಳಿಯಿತು. ಗಟ್ಟಿಮುಟ್ಟಾದವರು ವದಂತಿ ನಂಬಿದರೆ ಅವರಿಗೆ ಆಗುವ ನಷ್ಟ ಹೆಚ್ಚಿಲ್ಲ. ಅದರ ಬೆಲೆ ತೆರುತ್ತಿರುವವರು ಬೇರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ನನ್ನ ದವಾಖಾನೆಗೆ ಬರುವವರಲ್ಲಿ ರಕ್ತ ಕ್ಯಾನ್ಸರ್ ಇರುವವರೂ ಕೆಲವರಿದ್ದಾರೆ. ಚಿಕಿತ್ಸೆ ಬೆಂಗಳೂರಿನಲ್ಲಿ. ನನ್ನ ಬಳಿ ಬರುವುದು ಸುಸ್ತು, ಬಾಯಿರುಚಿ, ಮಲಬದ್ಧತೆ, ನಿದ್ದೆಯ ದೂರು ಹೇಳಿಕೊಳ್ಳಲು. ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು, "ಹಕೀಮ್ ಸಾಹೇಬ್ರೇ, ಫ್ಲೂ ಇಂಜೆಕ್ಷನ್, ನ್ಯುಮೋನಿಯಾ ಇಂಜೆಕ್ಷನ್ ಅಂತ ಬರೆದಿದ್ದಾರೆ. ಮೊದಲೇ ಮೈಯಲ್ಲಿ ಶಕ್ತಿ ಇಲ್ಲ, ಇದೂ ಬೇಕಾ ಅಂತ ಮಗ ಬೈತಾನೆ. ನೀವು ಏನಾದ್ರೂ ಖಮೀರ ಕೊಟ್ಟುಬಿಡಿ" ಎನ್ನುತ್ತಾರೆ. ಚೀಟಿಯ ದಿನಾಂಕ ನೋಡಿದರೆ ಎಂಟು ತಿಂಗಳು ಹಳೆಯದು.

ಬೈಯುವ ಮಗನೇ, ಈ ಬರಹ ನಿಮಗೆ. ತಂದೆಯ ಮೇಲಿನ ಪ್ರೀತಿಯಿಂದಲೇ ನೀವು ಬೇಡವೆನ್ನುತ್ತಿದ್ದೀರಿ ಎಂದು ಗೊತ್ತು.

ನಮ್ಮ ದೇಹಕ್ಕೆ ರೋಗಾಣು ಹೊಕ್ಕರೆ ಹೋರಾಡುವುದು ರಕ್ತದ ಬಿಳಿಕಣಗಳು. ಅವುಗಳಲ್ಲಿ ಬಿ ಕಣಗಳೆಂಬ ಒಂದು ಬಗೆ ಇದೆ. ಪ್ರತಿಕಾಯಗಳು ತಯಾರಾಗುವುದು ಅವುಗಳಿಂದಲೇ. ಲ್ಯುಕೇಮಿಯಾ, ಲಿಂಫೋಮಾ, ಮಲ್ಟಿಪಲ್ ಮೈಲೋಮಾದಂಥ ಕಾಯಿಲೆಗಳಲ್ಲಿ ಕೆಡುವುದು ಹೆಚ್ಚಾಗಿ ಈ ಬಿಳಿಕಣಗಳ ಕುಟುಂಬವೇ. ಎಣಿಕೆ ಲಕ್ಷ ದಾಟಿದರೂ ಕೆಲಸಕ್ಕೆ ಬರುವ ಕಣಗಳು ಬೆರಳೆಣಿಕೆ. ಅದಕ್ಕೆ ಕೊಡುವ ಔಷಧಿಗಳು ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಒರೆಸಿಹಾಕುತ್ತವೆ. ಹಾಗಾಗಿ ನಿಮಗೆ ಮೂರು ದಿನದ ನೆಗಡಿಯಾಗಿ ಹೋಗುವುದು ಅವರಿಗೆ ಐಸಿಯು ತನಕ ಹೋಗಬಹುದು. ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರ ಪ್ರಾಣ ತೆಗೆಯುವುದು ಕ್ಯಾನ್ಸರ್ ಅಲ್ಲ, ಅದರ ಬೆನ್ನಿಗೆ ಬರುವ ಸೋಂಕು.

ಅದೇ ಕಾರಣಕ್ಕೆ ಲಸಿಕೆಯೂ ಅವರಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. 2021ರಲ್ಲಿ ಇಸ್ರೇಲಿನ ವೈದ್ಯರು ಸಿಎಲ್‌ಎಲ್ ಎಂಬ ರಕ್ತ ಕ್ಯಾನ್ಸರ್ ಇರುವವರಿಗೆ ಫೈಜರ್ ಲಸಿಕೆಯ ಎರಡು ಡೋಸ್ ಕೊಟ್ಟು ರಕ್ತ ಪರೀಕ್ಷಿಸಿದರು. ಪ್ರತಿಕಾಯ ಕಂಡದ್ದು ನೂರರಲ್ಲಿ ಸುಮಾರು 40 ಮಂದಿಯಲ್ಲಿ ಮಾತ್ರ. ಚಿಕಿತ್ಸೆ ನಡೆಯುತ್ತಿದ್ದವರಲ್ಲಿ ಸುಮಾರು 16. ಚಿಕಿತ್ಸೆ ಮುಗಿದು ಕಾಯಿಲೆ ಹತೋಟಿಗೆ ಬಂದವರಲ್ಲಿ ಮಾತ್ರ 79ರ ಹತ್ತಿರ. ಎರಡು ಡೋಸ್‌ಗೂ ಏನೂ ಕಾಣದವರಿಗೆ ಮೂರನೆಯದು ಕೊಟ್ಟಾಗ ನಾಲ್ವರಲ್ಲಿ ಒಬ್ಬರಿಗೆ ಹತ್ತಿರಹತ್ತಿರ ಪ್ರತಿಕಾಯ ಬಂತು. ಅಷ್ಟೇನಾ ಎನ್ನಬೇಡಿ. ಸೊನ್ನೆಯಲ್ಲಿದ್ದವರಲ್ಲಿ ಕಾಲುಭಾಗ ಮೇಲೆದ್ದದ್ದು ಕಡಿಮೆ ಮಾತಲ್ಲ. ಪ್ರತಿಕಾಯ ಕಾಣದಿದ್ದರೂ ಟಿ ಕಣಗಳೆಂಬ ಇನ್ನೊಂದು ಪಡೆ ಎಚ್ಚೆತ್ತುಕೊಳ್ಳುವುದುಂಟು. ಇತರರಿಗೆ ಬೂಸ್ಟರ್ ಎಂದರೆ ಇದ್ದ ಶಕ್ತಿಗೆ ಇನ್ನಷ್ಟು ಸೇರಿಸುವುದು. ಇವರಿಗೆ ಎಷ್ಟೋ ಸಲ ಅದೇ ಮೊದಲನೆಯದು ಇದ್ದಂತೆ.

ಅಮೆರಿಕದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ 2021ರ ಅಕ್ಟೋಬರ್ 18ರಂದು ಕೋವಿಡ್ ತೊಂದರೆಗಳಿಂದ ತೀರಿಕೊಂಡಾಗ, "ಎರಡೂ ಡೋಸ್ ಹಾಕಿಸಿಕೊಂಡವರೇ ಹೋದರು, ಇನ್ನು ಲಸಿಕೆ ಯಾಕೆ?" ಎಂಬ ಮಾತು ಎಲ್ಲೆಡೆ ಹಬ್ಬಿತು. ಅವರಿಗೆ 84 ವರ್ಷ, ಮಲ್ಟಿಪಲ್ ಮೈಲೋಮಾ ಇತ್ತು ಎಂಬುದನ್ನು ಹೇಳಿದವರು ಕಡಿಮೆ. ಬೂಸ್ಟರ್ ಪಡೆಯಬೇಕಿದ್ದ ಹೊತ್ತಿಗೇ ಅವರು ಕಾಯಿಲೆ ಬಿದ್ದರೆಂದು ಅವರ ಕಚೇರಿಯವರು ತಿಳಿಸಿದ್ದರು. ಅವರ ಸಾವಿನಿಂದ ಕಲಿಯಬೇಕಾದ್ದು ಇಂಥವರಿಗೆ ಎರಡು ಡೋಸ್ ಸಾಲದು ಎಂಬುದನ್ನು. ನಾವು ಕಲಿತದ್ದು ಅದರ ತಿರುಗುಮುರುಗು.

ಲಸಿಕೆಯಿಂದ ಏನೂ ಆಗುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ನಿಜ. ಅದು ಕಂಡದ್ದು ಹಾಕಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ, ಮೂರು ವರ್ಷದ ನಂತರವಲ್ಲ. ಇನ್ನು ನಿಮ್ಮ ತಂದೆಯ ಚೀಟಿಯಲ್ಲಿರುವ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳು ಬೇರೆಯೇ ವಸ್ತು, ಕೊರೊನಾಕ್ಕಿಂತ ಎಷ್ಟೋ ಹಿಂದಿನಿಂದ ಬಳಕೆಯಲ್ಲಿವೆ. ಫ್ಲೂ ಲಸಿಕೆಯನ್ನು ಹೃದ್ರೋಗ ತಜ್ಞರೇ ಹೃದಯ ರೋಗಿಗಳಿಗೆ ಬರೆದುಕೊಡುತ್ತಾರೆ.

ಯಾವುದು ಬೇಕು, ಯಾವುದು ಕೂಡದು ಎಂಬುದನ್ನು ತಿಳಿದಿರಿ. ಫ್ಲೂ ಚುಚ್ಚುಮದ್ದು ವರ್ಷಕ್ಕೊಮ್ಮೆ, ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು. ವೈರಸ್ ವೇಷ ಬದಲಿಸುವುದರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ನ್ಯುಮೋಕಾಕಸ್ ಲಸಿಕೆಯಲ್ಲಿ ಎರಡು ಬಗೆಯಿದೆ. 13 ತಳಿಗಳದ್ದನ್ನು ಮೊದಲು ಕೊಟ್ಟರೆ ಕನಿಷ್ಠ ಎಂಟು ವಾರ ಬಿಟ್ಟು 23 ತಳಿಗಳದ್ದನ್ನು ಕೊಡುತ್ತಾರೆ. ಸರ್ಪಸುತ್ತಿಗೆ ಶಿಂಗ್ರಿಕ್ಸ್ ಎಂಬ ಜೀವಂತವಲ್ಲದ ಲಸಿಕೆ 2023ರಿಂದ ನಮ್ಮ ದೇಶದಲ್ಲಿದೆ, ಎರಡು ಡೋಸ್. ಸರ್ಪಸುತ್ತಿನ ಉರಿ ಕಂಡವರು ಅದನ್ನು ಹಗುರವಾಗಿ ಕಾಣುವುದಿಲ್ಲ. ರಕ್ತ ಕ್ಯಾನ್ಸರ್ ಇದ್ದವರಲ್ಲಿ ಅದು ಹೆಚ್ಚು, ವಾಸಿಯಾಗುವುದು ನಿಧಾನ. ಹೆಪಟೈಟಿಸ್ ಬಿ ಇದೆಯೇ ಎಂಬ ರಕ್ತ ಪರೀಕ್ಷೆ ಚಿಕಿತ್ಸೆಗೆ ಮೊದಲೇ ಆಗಬೇಕು. ಒಳಗೆ ಮಲಗಿದ್ದ ಆ ವೈರಸ್ ರಿಟುಕ್ಸಿಮ್ಯಾಬ್‌ನಂಥ ಔಷಧಿ ಬಿದ್ದೊಡನೆ ಎದ್ದು ಯಕೃತ್ತನ್ನು ಹಾಳುಮಾಡುವುದುಂಟು. ಕೋವಿಡ್ ಲಸಿಕೆ ಈಗ ಕ್ಯಾಂಪ್ ಹಾಕಿ ಕರೆದು ಕೊಡುವ ಕಾಲವಲ್ಲ. ಅದರ ಅಗತ್ಯವನ್ನು ನಿಮ್ಮ ಕ್ಯಾನ್ಸರ್ ವೈದ್ಯರ ಬಳಿ ಬಾಯಿಬಿಟ್ಟು ಕೇಳಿ.

ಕೂಡದ್ದು ಜೀವಂತ ರೋಗಾಣುವಿನ ಲಸಿಕೆಗಳು: ದಡಾರದ ಎಂಎಂಆರ್, ಸೀತಾಳೆ ಸಿಡುಬಿನದು, ಬಿಸಿಜಿ, ಹಳದಿ ಜ್ವರದ್ದು, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ. ಮೂಳೆಮಜ್ಜೆ ಕಸಿಯಾದವರ ಮನೆಯಲ್ಲಿ ಮೊಮ್ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವ ಮುಂಚೆ ವೈದ್ಯರಿಗೆ ತಿಳಿಸಿ. ನೀವಾಗಿಯೇ ತಪ್ಪಿಸಬೇಡಿ. ಹನಿ ಹಾಕಿಸಿದ ಮೇಲೆ ಕೆಲವು ವಾರ ಮಗುವಿನ ಮಲ ತೊಳೆಯುವ ಕೆಲಸ ಮನೆಯ ಬೇರೆಯವರದಾಗಲಿ, ಸೋಪಿನಲ್ಲಿ ಕೈ ತೊಳೆಯಲಿ. ಕಸಿಯಾದವರಿಗೆ ಇನ್ನೊಂದು ಸಂಗತಿ: ಎಳವೆಯಲ್ಲಿ ಪಡೆದ ಲಸಿಕೆಗಳ ನೆನಪು ಹಳೆಯ ಮಜ್ಜೆಯ ಜೊತೆಗೇ ಹೋಗಿಬಿಡುತ್ತದೆ. ಕೆಲವು ತಿಂಗಳ ನಂತರ ಮಗುವಿಗೆ ಹಾಕಿಸಿದಂತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಹೊತ್ತು ನೋಡಿ ಹಾಕಿಸುವುದೂ ಮುಖ್ಯ. ಸಾಧ್ಯವಿದ್ದರೆ ಕೀಮೋ ಶುರುವಾಗುವ ಎರಡು ವಾರ ಮೊದಲೇ ಆಗಬೇಕು. ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಆರು ತಿಂಗಳವರೆಗೆ ಬಿ ಕಣಗಳೇ ಇರುವುದಿಲ್ಲ. ಆ ಅವಧಿಯಲ್ಲಿ ಹಾಕಿದ ಲಸಿಕೆ ನೀರಿನ ಮೇಲೆ ಬರೆದಂತೆ. ಫ್ಲೂ ಕಾಲ ಮಾತ್ರ ಯಾರಿಗೂ ಕಾಯುವುದಿಲ್ಲವಾದ್ದರಿಂದ ಅದರ ಲೆಕ್ಕ ಬೇರೆ. ಪ್ಲೇಟ್‌ಲೆಟ್ ಕಡಿಮೆಯಿರುವವರು ಅದನ್ನು ನರ್ಸ್‌ಗೆ ಮೊದಲೇ ಹೇಳಿ. ಸಣ್ಣ ಸೂಜಿ ಬಳಸಿ, ಆಮೇಲೆ ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿದರೆ ಆಯಿತು. ಇದನ್ನೆಲ್ಲ ಊರಿನ ಮೆಡಿಕಲ್ ಸ್ಟೋರಿನವರು ತೀರ್ಮಾನಿಸಲಾರರು, ನಾನೂ ತೀರ್ಮಾನಿಸಬಾರದು. ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಹೇಳಬೇಕು.

ಈಗ ಖಮೀರದ ಮಾತು. ಯುನಾನಿ ಓದಿ ಅದರಲ್ಲೇ ಅನ್ನ ತಿನ್ನುತ್ತಿರುವವನು ನಾನು. ಖಮೀರ ಮರ್ವಾರೀದ್ ದಣಿದ ಹೃದಯಕ್ಕೆ, ಮನಸ್ಸಿಗೆ ಬಲವೆಂದು ನಮ್ಮ ಗ್ರಂಥಗಳು ಹೇಳುತ್ತವೆ. ನ್ಯುಮೋಕಾಕಸ್ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆಂದು ಯಾವ ಗ್ರಂಥವೂ ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಸಿಡುಬು ಬೇರೆ, ದಡಾರ ಬೇರೆ ಎಂದು ಬಿಡಿಸಿ ಬರೆದ ಅಲ್ ರಾಝಿಯ ಪರಂಪರೆ ನಮ್ಮದು. ಒಂದೊಂದು ರೋಗವನ್ನೂ ಅದರದೇ ಗುರುತಿನಿಂದ ಹಿಡಿಯಬೇಕೆಂಬುದು ಆ ಪಾಠ. ಮಿಜಾಜ್ ನೋಡಿ ಮದ್ದು ಕೊಡಬೇಕೆಂಬುದು ಇನ್ನೊಂದು. ರಕ್ತ ಕ್ಯಾನ್ಸರ್ ಇರುವವರ ಮಿಜಾಜ್ ಬೇರೆಯವರಂತಲ್ಲ, ಹಾಗಾಗಿ ಅವರ ಡೋಸಿನ ಲೆಕ್ಕವೂ ಬೇರೆಯವರಂತಲ್ಲ. ಇದರಲ್ಲಿ ಯುನಾನಿಗೂ ಅಲೋಪತಿಗೂ ಜಗಳ ಎಲ್ಲಿದೆ? ಲೋಹಗಳನ್ನು ಸುಟ್ಟು ಮಾಡುವ ಕುಷ್ತಾಗಳನ್ನಂತೂ ಕೀಮೋ ನಡೆಯುವಾಗ, ಅದರಲ್ಲೂ ಮೈಲೋಮಾದಿಂದ ಮೂತ್ರಪಿಂಡ ಸೊರಗಿರುವಾಗ ಮುಟ್ಟಬೇಡಿ. ನನ್ನಂಥವರಿಂದ ಏನು ತೆಗೆದುಕೊಂಡರೂ ಬೆಂಗಳೂರಿನ ಡಾಕ್ಟರಿಗೆ ಡಬ್ಬಿ ಸಮೇತ ತೋರಿಸಿ.

ರೋಗಿಯಲ್ಲಿ ಲಸಿಕೆ ಅರ್ಧ ಕೆಲಸ ಮಾಡುವುದಾದರೆ ಉಳಿದರ್ಧ ಮನೆಯವರ ತೋಳಿನಲ್ಲಿದೆ. ಮಗ, ಸೊಸೆ, ಮೊಮ್ಮಕ್ಕಳು ಫ್ಲೂ ಲಸಿಕೆ ಹಾಕಿಸಿಕೊಂಡರೆ ಹೊರಗಿನ ವೈರಸ್ ಹಾಸಿಗೆಯ ತನಕ ಬರುವ ದಾರಿ ಕಿರಿದಾಗುತ್ತದೆ. ರೋಗಿಯನ್ನು ನೋಡಲು ಹೋಗುವ ಇಯಾದತ್ ನಮ್ಮಲ್ಲಿ ಒಳ್ಳೆಯ ಕೆಲಸ, ಬಿಡಬೇಕಾಗಿಲ್ಲ. ಆದರೆ ಕೀಮೋ ಮುಗಿಸಿ ಬಂದ ಮರುದಿನವೇ ಹತ್ತು ಜನ ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿಯುವುದು ಇಯಾದತ್ ಅಲ್ಲ. ಕೆಮ್ಮು, ನೆಗಡಿ ಇದ್ದವರು ಫೋನಿನಲ್ಲೇ ಸಲಾಮ್ ಹೇಳಿ. ಬಾಗಿಲಲ್ಲಿ ಮಾಸ್ಕ್ ಕೇಳಿದರೆ ಬೇಸರಪಡಬೇಡಿ.

ಹಣದ ಮಾತನ್ನೂ ಆಡಲೇಬೇಕು. ಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುವ ನ್ಯುಮೋಕಾಕಸ್ ಲಸಿಕೆಗೆ ದೊಡ್ಡವರು ಸಾವಿರಗಟ್ಟಲೆ ತೆರಬೇಕು. ಶಿಂಗ್ರಿಕ್ಸ್ ಒಂದು ಡೋಸಿಗೇ ಹತ್ತು ಸಾವಿರದ ಆಸುಪಾಸು. ಆಲೂಗೆಡ್ಡೆ ಬೆಲೆ ಬಿದ್ದ ವರ್ಷ ಅರಕಲಗೂಡಿನ ರೈತ ಇದನ್ನು ಎಲ್ಲಿಂದ ತರಬೇಕು? 2022ರ ಜುಲೈ 15ರಿಂದ 75 ದಿನ 18 ದಾಟಿದ ಎಲ್ಲರಿಗೂ ಕೋವಿಡ್ ಮುನ್ನೆಚ್ಚರಿಕೆ ಡೋಸನ್ನು ಉಚಿತವಾಗಿ ಕೊಟ್ಟ ಸರ್ಕಾರಕ್ಕೆ, ಒಂದು ಜಿಲ್ಲೆಯ ರಕ್ತ ಕ್ಯಾನ್ಸರ್ ರೋಗಿಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಕೊಡುವುದು ಭಾರವಲ್ಲ. ಕೊಡಲೇಬೇಕೆಂಬುದು ನನ್ನ ವಾದ. ಅದು ಆಗುವ ತನಕ ಡಯಾಲಿಸಿಸ್‌ಗೆ ನೆರವಾಗುವ ನಮ್ಮ ಜಮಾಅತ್‌ಗಳು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.

ಲಸಿಕೆ ಹಾಕಿಸಿದ ರಾತ್ರಿ ತೋಳು ನೋವು, ಮೈಬಿಸಿ ಇರಬಹುದು. ಆದರೆ ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ದಾಟಿದರೆ ಲಸಿಕೆಯದೇ ಇರಬೇಕೆಂದು ಬೆಳಗಿನವರೆಗೆ ಕಾಯಬೇಡಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿಯೂ ವೈದ್ಯರಿರುತ್ತಾರೆ. ಹೋಗುವಾಗ ಕೀಮೋ ಚೀಟಿಯನ್ನೂ ಲಸಿಕೆ ಕಾರ್ಡನ್ನೂ ಒಂದೇ ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ.